ಚೆಂಡಿಲ್ಲದ ಕಡೆ ನೋಡುವ ಕೆಲಸ

ನನ್ನ ಕೆಲಸ ಏನೆಂದು ಧಾರವಾಡದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಅಮೆರಿಕನ್ ಫುಟ್‌ಬಾಲಿನ ವಿಡಿಯೊ ನೋಡಿ ಒಬ್ಬೊಬ್ಬ ಆಟಗಾರನಿಗೆ ಅಂಕ ಕೊಡುವುದು ನನ್ನ ಕೆಲಸ. "ಅಂದ್ರ ನೀ ಅಂಪೈರ್ ಏನು?" ಎನ್ನುತ್ತಾಳೆ. ಅಲ್ಲ. "ಮತ್ತ ಪೇಪರ್ ತಿದ್ದೋ ಮಾಸ್ತರಂಗ?" ಹೂಂ, ಸ್ವಲ್ಪ ಹಾಗೆಯೇ. "ನಿನಗ ಆ ಆಟ ಆಡಾಕ ಬರ್ತದೇನು?" ಇಲ್ಲ. "ಹಂಗಾರ ನೀ ಕೊಟ್ಟ ಮಾರ್ಕ್ಸು ಅವರು ಹೆಂಗ ಒಪ್ಕೋತಾರವಾ?" ಈ ಪ್ರಶ್ನೆ ಬಂದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಅಮೆರಿಕದ ಉತ್ತರ ಗಡಿಯಾಚೆ, ಮಿಲ್ಟನ್ ಎಂಬ ಈ ಊರಿಗೆ ಬಂದ ಮೇಲೆ ಹಲವು ವರ್ಷ ನಾನು ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಸ್ಕ್ಯಾನ್ ಮಾಡುತ್ತಿದ್ದೆ. ಬಲಭುಜ ಹಿಡಿದುಕೊಂಡು ಕೈ ಮೇಲೆತ್ತುವುದೇ ಕಷ್ಟವಾಯಿತು. ನನ್ನ ಶಿಫ್ಟಿನಲ್ಲೇ ಇದ್ದ, ಹಾವೇರಿಯಿಂದ ಓದಲು ಬಂದ ಹುಡುಗಿಯೊಬ್ಬಳು, "ಅಕ್ಕಾ, ನೀವು ಕಬಡ್ಡಿ ಆಡೀರಿ ಅಂದಿದ್ರಲ್ಲ, ಈ ಜಾಬ್ ನೋಡ್ರಿ. ಮನ್ಯಾಗ ಕುಂತು ವಿಡಿಯೊ ನೋಡೂದು" ಎಂದು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಅರ್ಜಿ ಹಾಕಿದೆ, ಕಂಪನಿಯವರು ಆಟದ ಕ್ಲಿಪ್ಪುಗಳನ್ನು ಕಳಿಸಿ ಪರೀಕ್ಷೆ ಮಾಡಿದರು. ನನಗೆ ನಿಯಮಗಳು ಅರ್ಧ ಮಾತ್ರ ಗೊತ್ತಿದ್ದವು. ಆದರೆ ಯಾರ ಕಾಲು ಮೊದಲು ಎದ್ದಿತು, ಯಾರ ಭಾರ ಹಿಮ್ಮಡಿಗೆ ಹೋಯಿತು, ಯಾರು ಮುಂದೆ ನುಗ್ಗುವಂತೆ ನಟಿಸಿ ಪಕ್ಕಕ್ಕೆ ಜಾರಿದರು ಎಂಬುದು ಕಾಣುತ್ತಿತ್ತು. ಕಾಲೇಜಿನ ಕಬಡ್ಡಿ ತಂಡದಲ್ಲಿ ನಾನು ಮೂಲೆಯ ರಕ್ಷಣೆಯಲ್ಲಿ ನಿಲ್ಲುತ್ತಿದ್ದವಳು. ಎದುರಾಳಿಯ ಮುಖ ನೋಡಬೇಡ, ಸೊಂಟ ನೋಡು ಎಂದು ನಮ್ಮ ಕೋಚ್ ತಲೆಗೆ ತುಂಬಿದ್ದರು. ಮುಖ ಸುಳ್ಳು ಹೇಳುತ್ತದೆ, ಸೊಂಟಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಆ ಒಂದು ಅಭ್ಯಾಸ ನನಗೆ ಕೆಲಸ ಕೊಡಿಸಿತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎರಡೂ ಕಡೆ ಹನ್ನೊಂದು ಜನ. ಆಟ ನಿರಂತರವಾಗಿ ಓಡುವುದಿಲ್ಲ. ಕೆಲವೇ ಸೆಕೆಂಡುಗಳ ಒಂದು ನುಗ್ಗಾಟ, ನಿಲುಗಡೆ, ಮತ್ತೆ ಸಾಲುಗಟ್ಟಿ ಇನ್ನೊಂದು ನುಗ್ಗಾಟ. ಚೆಂಡು ಎಸೆಯುವವನು ಒಬ್ಬನಿರುತ್ತಾನೆ. ಅವನ ಮುಂದೆ ಐದು ಜನ ಭಾರೀ ಆಳುಗಳು ಗೋಡೆಯಂತೆ ನಿಲ್ಲುತ್ತಾರೆ. ಎದುರು ತಂಡದವರು ಆ ಗೋಡೆ ಒಡೆದು ಎಸೆಯುವವನನ್ನು ಕೆಡವಲು ಬರುತ್ತಾರೆ. ಗೋಡೆಯವರು ಚೆಂಡನ್ನು ಮುಟ್ಟುವುದೇ ಅಪರೂಪ. ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಇವರು ಚಿತ್ರದಿಂದ ಹೊರಗೆ ಉಳಿದುಬಿಡುತ್ತಾರೆ.

ನನ್ನ ಪಾಲಿಗೆ ಬಂದದ್ದು ಈ ಗೋಡೆಯವರೇ. ನಮಗೆ ಬೇರೆ ಬಗೆಯ ವಿಡಿಯೊ ಕಳಿಸುತ್ತಾರೆ. ಮೈದಾನದ ಮೇಲಿನಿಂದ, ಹಿಂದಿನಿಂದ ತೆಗೆದದ್ದು. ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುತ್ತಾರೆ, ಸದ್ದಿಲ್ಲ, ಕಾಮೆಂಟರಿ ಇಲ್ಲ. ಪ್ರತಿ ನುಗ್ಗಾಟಕ್ಕೂ ಪ್ರತಿಯೊಬ್ಬನಿಗೂ ಒಂದು ಅಂಕ. ಮಾಡಬೇಕಾದ್ದನ್ನು ಮಾಡಿದ್ದರೆ ಸೊನ್ನೆ. ಅದಕ್ಕಿಂತ ಚೆನ್ನಾಗಿ ಮಾಡಿದ್ದರೆ ಪ್ಲಸ್, ಸೋತಿದ್ದರೆ ಮೈನಸ್. ಎಲ್ಲ ಕೂಡಿಸಿ, ನೂರಕ್ಕೆ ಇಷ್ಟು ಎಂದು ಕಂಪ್ಯೂಟರು ಹೊರಗೆ ಹಾಕುತ್ತದೆ. ಆ ಸಂಖ್ಯೆಯನ್ನು ಜನ ಇಂಟರ್ನೆಟ್ಟಿನಲ್ಲಿ ಓದಿ ಜಗಳವಾಡುತ್ತಾರೆ.

ಮೊದಲ ಬಾರಿ ಆ ಮೂಕ ವಿಡಿಯೊ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. ಅಷ್ಟು ದೊಡ್ಡ ಮನುಷ್ಯರು ಅಷ್ಟು ಹಗುರವಾಗಿ ಹಿಂದಕ್ಕೆ ಜಾರುವುದನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಐದೂ ಜನ ಒಂದೇ ಉಸಿರಿನಲ್ಲಿ ಹೆಜ್ಜೆ ಎತ್ತುತ್ತಿದ್ದರು. ನನ್ನ ಗಂಡ ಚಹಾ ತಂದಿಟ್ಟು, "ಏನ್ ನೋಡಾಕತ್ತಿ ಹಂಗ, ಬಾಯಿ ತಗದು?" ಎಂದ.

"ಇಲ್ನೋಡು, ಇವರ ಪಾದ ನೋಡು."

"ಚೆಂಡು ಎಲ್ಲೈತಿ?"

"ಚೆಂಡು ಬಿಡೋ ಮಾರಾಯಾ!"

ಆ ಚಳಿಗಾಲದಲ್ಲೇ ಎದುರುಮನೆಯವರ ಪರಿಚಯವಾಯಿತು. ನಮ್ಮದು ಹೊಸ ಬಡಾವಣೆ. ಒಂದರ ಪಕ್ಕ ಒಂದು ಒಂದೇ ಅಚ್ಚಿನ ಮನೆಗಳು, ಯಾರಿಗೆ ಯಾರೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಹಿಮ ತೆಗೆಯುವ ಟ್ರಕ್ಕು ರಸ್ತೆಯ ಹಿಮವನ್ನೆಲ್ಲ ತಂದು ನಮ್ಮ ಮನೆ ಮುಂದಿನ ಡ್ರೈವ್‌ವೇ ಬಾಯಿಗೆ ಒಡ್ಡಿನಂತೆ ಒಟ್ಟಿ ಹೋಗಿತ್ತು. ಅದರಲ್ಲಿ ನನ್ನ ಕಾರು ಸಿಕ್ಕಿಕೊಂಡು ಚಕ್ರ ಸುಮ್ಮನೆ ತಿರುಗುತ್ತಿತ್ತು. ಎದುರುಮನೆಯಿಂದ ಒಬ್ಬರು ಇಳಿದು ಬಂದರು. ಐವತ್ತರ ಹತ್ತಿರದ ವಯಸ್ಸು. ಬಾಗಿಲಿನಿಂದ ಹೊರಬರುವಾಗ ಭುಜ ಓರೆ ಮಾಡಿಕೊಳ್ಳಬೇಕಾದಷ್ಟು ಅಗಲ. ಎರಡೂ ಮಂಡಿ ನೋಯುತ್ತವೆ ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಕಾರಿನ ಹಿಂದೆ ಬಗ್ಗಿ, ಎರಡು ಅಂಗೈ ಊರಿ, "ನಿಧಾನಕ್ಕೆ ಆ್ಯಕ್ಸಿಲರೇಟರ್ ಒತ್ತಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಾರು ಒಡ್ಡನ್ನು ಒಡೆದುಕೊಂಡು ರಸ್ತೆಗೆ ಬಂತು. ತಳ್ಳಿದ ಹಾಗೆಯೂ ಅನಿಸಲಿಲ್ಲ, ಯಾರೋ ಎತ್ತಿ ಆಚೆ ಇಟ್ಟ ಹಾಗೆ ಅನಿಸಿತು.

ಧನ್ಯವಾದ ಹೇಳಿ ಮಾತಿಗಿಳಿದೆ. ನನ್ನ ಕೆಲಸ ಕೇಳಿದರು. ಹೇಳಿದೆ. ಅವರು ಸಲಿಕೆ ಊರಿಕೊಂಡು ನಿಂತು ಎಷ್ಟು ಜೋರಾಗಿ ನಕ್ಕರೆಂದರೆ ಪಕ್ಕದ ಮನೆಯ ಪರದೆ ಸರಿಯಿತು.

"ಹಾಗಾದರೆ ನನಗೆ ಮಾರ್ಕ್ಸ್ ಕೊಡುತ್ತಿದ್ದವರು ನೀವಾ!"

ಅವರು ಹಲವು ವರ್ಷ ಅಮೆರಿಕದಲ್ಲಿ ವೃತ್ತಿಪರ ಆಟಗಾರರಾಗಿದ್ದವರು. ಗೋಡೆಯ ಎಡತುದಿಯಲ್ಲಿ ನಿಲ್ಲುತ್ತಿದ್ದವರು. ಅವರ ಕಾಲಕ್ಕೆ ನಾನಿನ್ನೂ ಊರಿನಲ್ಲೇ ಇದ್ದೆ, ಬೇರೆ ಯಾರೋ ಅವರನ್ನು ಅಳೆದಿದ್ದರು. ಮನೆಗೆ ಬಂದು ಹೇಳಿದಾಗ, ಇಲ್ಲೇ ಹುಟ್ಟಿದ ನನ್ನ ಮಗಳು, "ಅಮ್ಮಾ, ಸೀರಿಯಸ್ಲಿ? ಹೀ ಪ್ಲೇಡ್ ಪ್ರೋ? ಆ್ಯಂಡ್ ಯೂ ಮೇಡ್ ಹಿಮ್ ಪುಶ್ ಅವರ್ ಕಾರ್?" ಎಂದು ತಲೆ ಮೇಲೆ ಕೈ ಇಟ್ಟುಕೊಂಡಳು.

ಕೆಲವು ವಾರಗಳ ನಂತರ ಅವರೇ ಕರೆದರು. ಅವರ ಬೇಸ್‌ಮೆಂಟಿನಲ್ಲಿ ದೊಡ್ಡ ಟೀವಿ ಇತ್ತು. ಹಳೆಯ ಕೋಚ್ ಒಬ್ಬರು ಅವರ ಕೊನೆಯ ವರ್ಷದ ಒಂದು ಪಂದ್ಯದ ಮೂಕ ವಿಡಿಯೊ ಕೊಟ್ಟಿದ್ದರಂತೆ. "ಪರಿಚಯ ಇದ್ದವರ ಹಾಗೆ ನೋಡಬೇಡಿ. ಯಾರೋ ಅಪರಿಚಿತನಿಗೆ ಕೊಡುವ ಹಾಗೆ ಕೊಡಿ," ಎಂದರು. ನಾನು ಲ್ಯಾಪ್‌ಟಾಪ್ ತೆರೆದು, ದಿನವೂ ಮಾಡುವಂತೆ ಮಾಡಿದೆ. ಅವರು ಮಂಡಿಗೆ ಐಸ್ ಇಟ್ಟುಕೊಂಡು ಕುಳಿತಿದ್ದರು. ಕೊನೆಗೆ ಕೂಡಿಸಿದಾಗ ಬಂದದ್ದು ಸಾಧಾರಣಕ್ಕಿಂತ ಕೆಳಗಿನ ಅಂಕ. ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹೇಳಿ. ಆಗ ಬಂದದ್ದೂ ಕಡಿಮೆಯೇ."

ಹೇಳಿದೆ. ಅವರು ತಲೆಯಾಡಿಸಿದರು. "ಸರಿಯಾಗಿದೆ. ಆ ವರ್ಷ ಮಂಡಿ ಹೋಗಿತ್ತು. ತಂಡದ ಆಫೀಸಿನಲ್ಲಿ ಒಬ್ಬ ಹೊಸಬ ಪರದೆಯ ಮೇಲೆ ನನ್ನ ಈ ನಂಬರು ತೋರಿಸಿ, ಇನ್ನು ಸಾಕು ಎಂದ. ನಾನು ವಾದ ಮಾಡಲಿಲ್ಲ. ಅವನಿಗೆ ನಂಬರು ಹೇಳಿದ್ದನ್ನು ನನಗೆ ನಮ್ಮ ಮನೆಯ ಮೆಟ್ಟಿಲು ಮೊದಲೇ ಹೇಳಿತ್ತು."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿದರು. "ಈಗ ಒಂದೊಂದಾಗಿ ನೋಡೋಣ."

ಒಂದು ಕಡೆ ನಾನು ಅವರಿಗೆ ದೊಡ್ಡ ಮೈನಸ್ ಕೊಟ್ಟಿದ್ದೆ. ಅವರ ಮಗ್ಗುಲಿಂದಲೇ ಎದುರಾಳಿಯೊಬ್ಬ ನುಗ್ಗಿ ಎಸೆಯುವವನನ್ನು ಕೆಡವಿದ್ದ. ಅವರು ಚಿತ್ರ ನಿಲ್ಲಿಸಿ ಪಕ್ಕದವನನ್ನು ತೋರಿಸಿದರು. ಆಟ ಶುರುವಾಗುವ ಮುಂಚೆ ಪಕ್ಕದವನು ಒಂದು ಸಂಕೇತ ಕೂಗಿದ್ದ. ಅದರ ಪ್ರಕಾರ ಆ ಎದುರಾಳಿ ಅವನ ಪಾಲು. ಅವನೇ ಕೂಗಿ ಅವನೇ ಮರೆತ. ಮೂಕ ವಿಡಿಯೊದಲ್ಲಿ ಕೂಗು ಎಲ್ಲಿಂದ ಕೇಳಬೇಕು? "ಅವನು ಹೊಸಬ. ಅವತ್ತು ಎಲ್ಲರ ಮುಂದೆ ತಪ್ಪು ನನ್ನದು ಎಂದೆ. ನೀವೂ ನನ್ನದೇ ಎಂದು ಬರೆದಿರಿ. ಹಾಗಾಗಿ ನನ್ನ ಸುಳ್ಳು ಚೆನ್ನಾಗಿಯೇ ಕೆಲಸ ಮಾಡಿದೆ," ಎಂದು ನಕ್ಕರು.

ಇನ್ನೊಂದು ಕಡೆ ನಾನು ಪ್ಲಸ್ ಕೊಟ್ಟಿದ್ದೆ. ಎದುರಾಳಿ ಅವರ ಕೈಕೆಳಗೆ ಚಪ್ಪಟೆಯಾಗಿ ಬಿದ್ದಿದ್ದ. "ಅವನು ಹುಲ್ಲಿನ ಮೇಲೆ ಜಾರಿದ. ನಾನು ಅವನ ಮೇಲೆ ಬಿದ್ದೆ ಅಷ್ಟೇ. ವಾಪಸು ತಗೊಳ್ಳಿ."

ಮೂರನೆಯದನ್ನು ಹಾಕುವಾಗ ಅವರ ದನಿ ಬದಲಾಯಿತು. ಎದುರಿಗೆ ನಿಂತವನು ಆ ಕಾಲದ ಅತಿ ವೇಗದ ಆಳು, ಎಲ್ಲರೂ ಹೆದರುತ್ತಿದ್ದವನು. ಅವನು ಹೊರಗಿನಿಂದ ಸುತ್ತಲು ನೋಡಿದ, ಆಗಲಿಲ್ಲ. ಒಳಕ್ಕೆ ಕತ್ತರಿಸಿದ, ಆಗಲಿಲ್ಲ. ಗಿರಕ್ಕನೆ ತಿರುಗಿದ. ಅಷ್ಟರಲ್ಲಿ ಚೆಂಡು ಹಾರಿ ಹೋಗಿತ್ತು. ಏನೂ ಆಗಲಿಲ್ಲ. ನಾನು ಸೊನ್ನೆ ಕೊಟ್ಟಿದ್ದೆ.

"ನನ್ನ ಇಡೀ ಆಟದ ಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಇದು," ಎಂದರು.

ನಾನು ಅದನ್ನು ನಿಧಾನಗತಿಯಲ್ಲಿ ಹಾಕಿ ನೋಡಿದೆ. ಆಗ ಕಂಡದ್ದನ್ನು ಹೇಗೆ ಹೇಳಲಿ! ಎದುರಾಳಿಯ ಸೊಂಟ ತಿರುಗುವ ಮುಂಚೆ ಇವರ ಪಾದ ತಿರುಗಿರುತ್ತಿತ್ತು. ಒಂದು ಸಲವಲ್ಲ, ಆ ಎರಡು ಮೂರು ಸೆಕೆಂಡುಗಳಲ್ಲಿ ಮತ್ತೆ ಮತ್ತೆ. ಮಂಡಿ ಹೋದ ಮನುಷ್ಯ, ಗಾಳಿಯಂಥವನ ಎದುರು, ಅವನಿಗಿಂತ ಮುಂಚೆ ಅಲ್ಲಿ ಇರುತ್ತಿದ್ದರು. ಕಬಡ್ಡಿಯಲ್ಲಿ ರೈಡು ಮಾಡಿ ಮುಟ್ಟಿ ಬಂದವಳ ಪಾಯಿಂಟು ಬೋರ್ಡಿನ ಮೇಲೆ ಹತ್ತುತ್ತಿತ್ತು. ನಾನು ಮೂಲೆಯಲ್ಲಿ ನಿಂತದ್ದಕ್ಕೇ ಆ ಕಡೆ ಬಾರದೆ ಹೋದವಳ ಲೆಕ್ಕ ಯಾರೂ ಬರೆಯುತ್ತಿರಲಿಲ್ಲ. ಅದು ನನಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ನಾನು ಸೊನ್ನೆ ಒತ್ತಿ ಮುಂದೆ ಹೋಗಿದ್ದೆ, ಏಕೆಂದರೆ ನಿಯಮದ ಪ್ರಕಾರ ಅದು ಸೊನ್ನೆಯೇ.

"ಹಾಗಾದರೆ ನಮ್ಮ ಅಂಕ ಅನ್ಯಾಯವಲ್ಲವೇ?" ಎಂದು ಕೇಳಿದೆ.

ಅವರು ರಿಮೋಟು ಕೆಳಗಿಟ್ಟರು. "ಅಂಕ ಕೊಡುವ ನಿಮ್ಮವರು ಬರುವ ಮುಂಚೆ ಹೇಗಿತ್ತು ಗೊತ್ತೇ? ಓಡುವವನಿಗೆ ಗಜಗಳ ಲೆಕ್ಕ ಇತ್ತು, ಎಸೆಯುವವನಿಗೆ ಎಸೆತದ ಲೆಕ್ಕ. ನಮ್ಮ ಹೆಸರು ಕೇಳಿಸುತ್ತಿದ್ದದ್ದು ರೆಫರಿ ಶಿಕ್ಷೆ ಕೊಟ್ಟಾಗ ಮಾತ್ರ. ಯಾರೋ ಒಬ್ಬರು ಕುಳಿತು ನನ್ನ ಪ್ರತಿ ಹೆಜ್ಜೆ ನೋಡಿದ್ದಾರೆ ಎಂದು ಮೊದಲ ಸಲ ಕೇಳಿದಾಗ ನನಗೆ ನಂಬಲಾಗಲಿಲ್ಲ. ತಪ್ಪಾಗಿ ನೋಡಿರಬಹುದು. ಆದರೆ ನೋಡಿದ್ದರು."

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಒಂದು ಸಂಜೆ ಅವರು ಡ್ರೈವ್‌ವೇಯಲ್ಲಿ ನಿಂತು, "ಬನ್ನಿ, ನನ್ನನ್ನು ದಾಟಿ ಗ್ಯಾರೇಜು ಮುಟ್ಟಿ ನೋಡೋಣ," ಎಂದರು. ನಾನು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿದೆ. ಗಂಡ ಮೆಟ್ಟಿಲ ಮೇಲೆ ಕುಳಿತು, "ಏ, ಹುಷಾರ್! ಭುಜಾ ಮೊದ್ಲ ಸರಿ ಇಲ್ಲ ನಿನ್ದು!" ಎಂದು ಕೂಗಿದ. ನಾನು ಎಡಕ್ಕೆ ಹೋಗುವಂತೆ ಸೊಂಟವನ್ನೂ ಸೇರಿಸಿ ಸುಳ್ಳು ಹೇಳಿ, ಬಲಕ್ಕೆ ಹಾರಿದೆ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಎಷ್ಟೋ ಜನ ಬಿದ್ದಿದ್ದ ಪಟ್ಟು ಅದು. ನನ್ನ ಬಲಪಾದ ನೆಲ ಮುಟ್ಟುವ ಮುಂಚೆ ಅವರ ಅಂಗೈ ನನ್ನ ಭುಜದ ಮುಂದೆ ಬಂದು ನಿಂತಿತ್ತು. ತಾಕಲಿಲ್ಲ, ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಅವರು ಓಡಿದ್ದು ನನಗೆ ಕಾಣಲೇ ಇಲ್ಲ. ಮತ್ತೆ ಯತ್ನಿಸಿದೆ. ಮತ್ತೆ ಅದೇ ಅಂಗೈ. ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಅವರಿಗೆ ನನಗಿಂತ ಮುಂಚೆ ತಲುಪುತ್ತಿದೆಯೇನೋ ಎನಿಸಿ ಒಂದು ಕ್ಷಣ ಭಯವೇ ಆಯಿತು. ಗಂಡ ಎದ್ದು ನಿಂತಿದ್ದ. ಅವರು ಮಾತ್ರ ಏದುಸಿರು ಬಿಡುತ್ತಾ ಗ್ಯಾರೇಜಿನ ಕಟ್ಟೆ ಮೇಲೆ ಕುಳಿತು, "ಇವತ್ತಿಗೆ ಇಷ್ಟೇ ಇರೋದು," ಎಂದು ಮಂಡಿ ನೀವಿಕೊಂಡರು.

ಅವತ್ತು ಕುಳಿತಲ್ಲೇ ಅವರು ಒಂದು ವಿಷಯ ಕೇಳಿದರು. ಅವರ ತಾಯಿ ಹತ್ತಿರದ ನಗರದಲ್ಲಿ, ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಚಿಕ್ಕವರಿದ್ದಾಗ ಕೆರಿಬಿಯನ್ ಕಡಲಿನ ಒಂದು ದ್ವೀಪದಿಂದ ಬಂದು, ವೃದ್ಧರ ನರ್ಸಿಂಗ್ ಹೋಮಿನಲ್ಲಿ ದುಡಿದು ಮಗನನ್ನು ಬೆಳೆಸಿದವರು. ಮಗ ಅಷ್ಟು ವರ್ಷ ಆಡಿದರೂ ಅವನು ಮೈದಾನದಲ್ಲಿ ಏನು ಮಾಡುತ್ತಿದ್ದ ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. "ನಾನು ಹೇಳಿದರೆ ಜಂಬ ಕೊಚ್ಚಿದ ಹಾಗಾಗುತ್ತದೆ. ನೀವು ತೋರಿಸುತ್ತೀರಾ?"

ಭಾನುವಾರ ಮಧ್ಯಾಹ್ನ ಅವರು ತಾಯಿಯನ್ನು ತಮ್ಮ ಮನೆಗೆ ಕರೆತಂದರು. ಅಷ್ಟು ದೊಡ್ಡ ಮನುಷ್ಯನ ತಾಯಿ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಚರ್ಚಿನಿಂದ ನೇರ ಬಂದಿದ್ದರು, ತಲೆ ಮೇಲೆ ನೇರಳೆ ಟೋಪಿ. ಕೈಯಲ್ಲಿ ಹಣ್ಣಿನ ಕೇಕು. ನಾನು ಮಂಡಕ್ಕಿಯ ಗಿರಮಿಟ್ಟು ಮಾಡಿಕೊಂಡು ಹೋಗಿದ್ದೆ. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು, "ಖಾರ ಇನ್ನೂ ಸ್ವಲ್ಪ ಇದ್ದರೆ ಆಗುತ್ತಿತ್ತು," ಎಂದರು. ಅಲ್ಲಿಗೆ ನಮ್ಮ ಸ್ನೇಹವಾಯಿತು.

"ನೀವು ಮೈದಾನಕ್ಕೆ ಹೋಗಿ ನೋಡಿಲ್ಲವೇ?" ಎಂದು ಕೇಳಿದೆ.

"ಹೋಗಿದ್ದೇನೆ ಮಗಳೇ. ಎಲ್ಲರೂ ಡಿಕ್ಕಿ ಹೊಡೆದುಕೊಂಡು ರಾಶಿಯಾಗಿ ಬೀಳುತ್ತಿದ್ದರು. ಆ ರಾಶಿಯಿಂದ ಇವನು ಎದ್ದನಾ ಎಂದು ನೋಡುತ್ತಿದ್ದೆ. ಎದ್ದರೆ ದೇವರಿಗೆ ಥ್ಯಾಂಕ್ಸ್. ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಮತ್ತೆ ಎದ್ದನಾ ಎಂದು ನೋಡುತ್ತಿದ್ದೆ. ನನ್ನ ಆಟ ಅಷ್ಟೇ."

ನಾನು ಆ ಮೂರನೆಯ ತುಣುಕನ್ನು ಹಾಕಿದೆ. ಚೆಂಡು ನೋಡಬೇಡಿ, ಎಡತುದಿಯವನನ್ನು ಮಾತ್ರ ನೋಡಿ ಎಂದೆ. ಮೊದಲ ಸಲ ಅವರಿಗೆ ಏನೂ ಹತ್ತಲಿಲ್ಲ, ಮುಗಿದೇ ಹೋಯಿತಾ ಎಂದರು. ನಿಧಾನಗತಿಯಲ್ಲಿ ಹಾಕಿದೆ. ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಇಲ್ಲಿ ನೋಡಿ, ಎದುರಿನವನು ಹೊರಗಿನಿಂದ ಬರುತ್ತಿದ್ದಾನೆ, ನಿಮ್ಮ ಮಗನ ಪಾದ ಆಗಲೇ ಅಲ್ಲಿದೆ. ಈಗ ಅವನು ಒಳಕ್ಕೆ ನುಗ್ಗುತ್ತಾನೆ, ಇಗೋ ಕೈ. ಈಗ ತಿರುಗುತ್ತಾನೆ, ಇಗೋ ಸೊಂಟ. ಹಿಂದೆ ನಿಂತಿದ್ದಾನಲ್ಲ, ಎಸೆಯುವವನು, ಅವನು ಒಂದು ಸಲವೂ ಈ ಕಡೆ ತಿರುಗಿ ನೋಡಿಲ್ಲ. ನಿಮ್ಮ ಮಗ ಇದ್ದಾನೆ ಎಂದು ಅವನಿಗೆ ಅಷ್ಟು ಧೈರ್ಯ.

ಅವರು ಕುರ್ಚಿಯ ಅಂಚಿಗೆ ಸರಿದರು. "ಇನ್ನೊಮ್ಮೆ." ಹಾಕಿದೆ. "ಇನ್ನೊಮ್ಮೆ." ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಬಾಯಿ ಅರೆತೆರೆದಿತ್ತು. ಮಗ ಮೆಟ್ಟಿಲ ಹತ್ತಿರ, ತಪ್ಪು ಮಾಡಿದ ವಿದ್ಯಾರ್ಥಿಯಂತೆ ಗೋಡೆಗೊರಗಿ ನಿಂತಿದ್ದರು.

"ಇವನು ಹೀಗೆ ಸರಿಯುವುದನ್ನು ನಾನು ನೋಡಿದ್ದೇನೆ," ಎಂದರು ಮೆಲ್ಲಗೆ. "ನಮ್ಮ ಅಡುಗೆಮನೆ ಎಷ್ಟು ಚಿಕ್ಕದು ಗೊತ್ತಾ? ಹನ್ನೆರಡು ವರ್ಷಕ್ಕೇ ಇವನು ಬಾಗಿಲಿನಷ್ಟಾಗಿದ್ದ. ನಾನು ಬಿಸಿ ಪಾತ್ರೆ ಹಿಡಿದು ತಿರುಗಿದರೆ, ನನಗೆ ತಾಗಬಾರದು ಎಂದು ಹೀಗೇ ಸರಕ್ಕನೆ ಪಕ್ಕಕ್ಕೆ ಸರಿಯುತ್ತಿದ್ದ. ಹೀಗೇ, ಬೆನ್ನು ನೆಟ್ಟಗೆ ಇಟ್ಟುಕೊಂಡು. ಒಂದು ದಿನವೂ ತಾಗಲಿಲ್ಲ."

"ಅಮ್ಮಾ, ಇದು ಕೋಚ್ ಕಲಿಸಿದ್ದು," ಎಂದರು ಮಗ.

"ಕೋಚ್ ನಿನಗೆ ಯಾವಾಗ ಸಿಕ್ಕ? ಸುಮ್ಮನಿರು."

ಆಮೇಲೆ ನನ್ನ ಕಡೆ ತಿರುಗಿದರು. "ಇದಕ್ಕೆ ನೀನು ಎಷ್ಟು ಕೊಟ್ಟೆ?"

ಹೇಳದೆ ವಿಧಿಯಿರಲಿಲ್ಲ. ಸೊನ್ನೆ ಎಂದೆ. ಅವರ ಮುಖ ಬಿಗಿಯಿತು. ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ, ಒಪ್ಪಿಸಿದ ಕೆಲಸ ಪೂರ್ತಿ ಮಾಡಿದ ಎಂದು ಅರ್ಥ ಎಂದು ವಿವರಿಸಿದೆ. ಅವರು ತೊಡೆಯ ಮೇಲಿನ ಟೋಪಿ ಸರಿಪಡಿಸಿಕೊಂಡು, "ಮಾಡಲಿ, ಕೆಲಸ ಒಪ್ಪಿಕೊಂಡ ಮೇಲೆ ಮಾಡಲೇಬೇಕು," ಎಂದರು. ಮತ್ತೆ, "ಆದರೂ ಸೊನ್ನೆ ತೀರಾ ಕಡಿಮೆಯಾಯಿತು," ಎಂದರು. ಎಲ್ಲರೂ ನಕ್ಕೆವು. ನಗುತ್ತಾ ಮಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡದವಳಂತೆ ಕೇಕು ಕತ್ತರಿಸಿದೆ.

ಆ ವರ್ಷ ಆಟದ ಋತು ಮತ್ತೆ ಶುರುವಾದಾಗ ನಾನು ಅಂಥದ್ದೇ ಒಂದು ತುಣುಕಿಗೆ ಪ್ಲಸ್ ಕೊಟ್ಟೆ. ಎಡತುದಿಯ ಒಬ್ಬ ಹೊಸಬ, ಎದುರಿಗೆ ಬಹಳ ಹೆಸರು ಮಾಡಿದವನು. ನನ್ನ ಕೆಲಸವನ್ನು ಮರುಪರಿಶೀಲಿಸುವ ಮೇಲಧಿಕಾರಿ ಅದನ್ನು ಸೊನ್ನೆಗೆ ಇಳಿಸಿ ಫೋನ್ ಮಾಡಿದರು. ನಾನು ಪಾದ, ಸೊಂಟ ಎಲ್ಲ ಹೇಳಿ ವಾದಿಸಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಎದುರಿಗಿದ್ದವನು ಹೆಸರಿಲ್ಲದವನಾಗಿದ್ದರೆ ನೀವು ಪ್ಲಸ್ ಕೊಡುತ್ತಿದ್ದಿರಾ?" ಎಂದರು. ಕೊಡುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. "ಹೆಸರಿಗೆ ಮಾರ್ಕ್ಸ್ ಕೊಡಲು ಶುರುಮಾಡಿದರೆ ನಾವೂ ಟೀವಿಯವರಂತಾಗುತ್ತೇವೆ." ಅದೂ ನಿಜವೇ. ಆದರೆ ಸಂಕೇತ ಯಾರು ಕೂಗಿದರು ಎಂದು ತಿಳಿಯದ ಕಡೆ ಮೈನಸ್ ಹಾಕುವ ಮುಂಚೆ ಇಬ್ಬರು ನೋಡಬೇಕು ಎಂಬ ನನ್ನ ಇನ್ನೊಂದು ಮಾತನ್ನು ಅವರು ಒಪ್ಪಿದರು. ನಮ್ಮ ಗುಂಪಿನಲ್ಲಿ ಈಗ ಹಾಗೆಯೇ ನಡೆಯುತ್ತದೆ. ಕೆಲಸ ನಿಧಾನವಾಗಿದೆ ಎಂದು ಉಳಿದವರು ಗೊಣಗುತ್ತಾರೆ.

ನಾನು ಕೊಡುವ ಮಾರ್ಕ್ಸು ನ್ಯಾಯವೇ ಎಂದು ಅಕ್ಕ ಈಗ ಕೇಳಿದರೆ, ಒಂದು ಇಡೀ ಋತುವಿನ ಮೊತ್ತ ಬಹುಮಟ್ಟಿಗೆ ನ್ಯಾಯ, ಒಂದೊಂದು ಕ್ಷಣದ ಅಂಕ ಹಲವು ಸಲ ಅಲ್ಲ ಎನ್ನುತ್ತೇನೆ. ಮನುಷ್ಯ ನೆನಪಿಟ್ಟುಕೊಳ್ಳುವುದು ಮಾತ್ರ ಆ ಒಂದೊಂದು ಕ್ಷಣವನ್ನೇ. ಅದಕ್ಕೆ ಏನು ಮಾಡಬೇಕೋ ನನಗೆ ತಿಳಿದಿಲ್ಲ. ಸೊನ್ನೆ ಒತ್ತುವ ಮುಂಚೆ ಈಗ ಇನ್ನೊಮ್ಮೆ ನೋಡುತ್ತೇನೆ, ಅಂಕ ಬದಲಾಗುವುದಿಲ್ಲ ಎಂದು ಗೊತ್ತಿದ್ದರೂ. ನೋಡಿದಾಗೆಲ್ಲ ಕೈ ಮೌಸಿನ ಮೇಲೆ ಹಾಗೆಯೇ ನಿಂತುಬಿಡುತ್ತದೆ. ಮನುಷ್ಯರ ಮೈಗೆ ಇಷ್ಟು ಸಾಧ್ಯವೇ ಎಂಬ ಬೆರಗು ನನಗೆ ಇನ್ನೂ ಹಳತಾಗಿಲ್ಲ.

ಭಾನುವಾರಗಳಂದು ಥಾರ್ನ್‌ಕ್ಲಿಫ್ ಪಾರ್ಕಿನಿಂದ ಫೋನ್ ಬರುತ್ತದೆ. ಆ ತಾಯಿ ಈಗ ಟೀವಿಯಲ್ಲಿ ಆಟ ನೋಡುತ್ತಾರೆ. ಕ್ಯಾಮೆರಾ ಚೆಂಡಿನ ಕಡೆ ತಿರುಗಿದರೆ ಅವರಿಗೆ ಸಿಟ್ಟು ಬರುತ್ತದೆ.

"ಆ ಎಡತುದಿಯ ಹುಡುಗನನ್ನು ನೋಡಿದೆಯಾ, ಈಗ ತಾನೇ?" ಎಂದರು ಮೊನ್ನೆ, ಉಸಿರು ಕಟ್ಟಿದವರಂತೆ.

"ಇಲ್ಲಮ್ಮ. ಆ ಆಟದ ವಿಡಿಯೊ ನನಗೆ ನಾಳೆ ಬರುತ್ತದೆ."

"ಹಾಗಾದರೆ ನಾನು ಏನೂ ಹೇಳುವುದಿಲ್ಲ. ನೀನೇ ನೋಡು," ಎಂದು ಫೋನ್ ಇಟ್ಟರು.